ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೋದ ಬುಧವಾರ ರಜೆ ಹಾಕಿದ್ದೆ. ಮದುವೆ ಇರಲಿಲ್ಲ, ಪ್ರಯಾಣ ಇರಲಿಲ್ಲ, ಜ್ವರವೂ ಬಂದಿರಲಿಲ್ಲ. ಹಿಂದಿನ ತಿಂಗಳು ಒಂದು ಭಾನುವಾರ ಆಫೀಸಿಗೆ ಹೋಗಿದ್ದಕ್ಕೆ ಬದಲಿ ರಜೆ ಒಂದು ಬಾಕಿ ಇತ್ತು. ತೆಗೆದುಕೊಳ್ಳದಿದ್ದರೆ ತಿಂಗಳ ಕೊನೆಗೆ ಲ್ಯಾಪ್ಸ್ ಆಗಿಬಿಡುತ್ತಿತ್ತು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ 'ಸ್ವಂತ ಕೆಲಸ' ಎಂದು ಬರೆದೆ. ಕೆಲಸ ಮಾಡದೇ ಇರುವುದಕ್ಕೂ 'ಕೆಲಸ' ಅಂತಲೇ ಕಾರಣ ಕೊಡಬೇಕು, ನೋಡಿ.

ಹಿಂದಿನ ರಾತ್ರಿ ಅಲಾರಂ ಆಫ್ ಮಾಡಿ, ಆಫ್ ಮಾಡಿದ್ದೇನೆ ತಾನೇ ಅಂತ ಇನ್ನೊಂದು ಸಲ ನೋಡಿ ಮಲಗಿದೆ. ಬೆಳಿಗ್ಗೆ ಎಚ್ಚರವಾದಾಗ ಗಂಟೆ 5.42. ದಿನಾ ಅಲಾರಂ ಹೊಡೆಯುವುದು 5.45ಕ್ಕೆ. ಮೂರು ನಿಮಿಷ ಮೊದಲೇ ಕಣ್ಣು ಬಿಟ್ಟು, ಸೂರು ನೋಡುತ್ತಾ, 'ಇವತ್ತು ಏಳಬೇಕಿಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಮೈ ಕೇಳಲಿಲ್ಲ. ಎರಡೂ ಕಣ್ಣಿನ ನರಗಳು ಮೆದುಳಿನಲ್ಲಿ ಒಂದನ್ನೊಂದು ದಾಟುವ ಕಡೆ, ಅದರ ಮೇಲೆಯೇ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಮೈಯ ಗಡಿಯಾರ ಅದೇ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಟೈಮು ಸರಿ ಮಾಡಿಕೊಳ್ಳುತ್ತದೆ. ಹಗಲು ರಾತ್ರಿ ಅದಕ್ಕೆ ಗೊತ್ತು. ಬುಧವಾರ, ಭಾನುವಾರ ಗೊತ್ತಿಲ್ಲ. ರಜೆಯ ಅರ್ಜಿಯನ್ನು ನಾನು ಅದಕ್ಕೆ ಕಳಿಸಿರಲಿಲ್ಲ.

ಹೆಂಡತಿ ಆಫೀಸಿಗೆ, ಮಗಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ನಾನು ಮಧ್ಯೆ ಮಧ್ಯೆ ನಿಂತು ದಾರಿಗೆ ಅಡ್ಡವಾಗುತ್ತಿದ್ದೆ. ಅವಸರವಿಲ್ಲದವನು ಅವಸರದ ಮನೆಯಲ್ಲಿದ್ದರೆ ಎಲ್ಲರಿಗೂ ತೊಂದರೆಯೇ. 'ಸುಮ್ನೆ ಹೋಗಿ ಮಲ್ಕೋ' ಎಂದಳು ಹೆಂಡತಿ. ಸಿಟ್ಟಿನಿಂದ ಹೇಳಿದಳೋ ಪ್ರೀತಿಯಿಂದಲೋ ಗೊತ್ತಾಗಲಿಲ್ಲ. ಎಂಟೂವರೆಗೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಮನೆ ಪೂರ್ತಿ ನಿಶ್ಶಬ್ದ. ಫ್ರಿಜ್ಜು ಗುಂಯ್‌ಗುಡುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತೇ. ಅದು ನಮ್ಮ ಮನೆಗೆ ಬಂದು ಆರು ವರ್ಷವಾಯಿತು.

ಇಲ್ಲಿ ಒಂದು ಹಳೇ ಪೆಟ್ಟು ಹೇಳಬೇಕು. ನಾಲ್ಕು ತಿಂಗಳ ಹಿಂದೆಯೂ ಹೀಗೇ ಒಂದು ದಿನ ರಜೆ ಸಿಕ್ಕಿತ್ತು. ಅವತ್ತು ಬೆಳಿಗ್ಗೆಯೇ ಒಂದು ಪಟ್ಟಿ ಮಾಡಿದ್ದೆ. ಹನ್ನೊಂದು ಕೆಲಸ. ತೊಟ್ಟಿಕ್ಕುವ ನಲ್ಲಿ, ಬ್ಯಾಂಕಿನ ಪಾಸ್‌ವರ್ಡು, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು, ಫೋನಿನಲ್ಲಿ ತುಂಬಿಕೊಂಡ ಫೋಟೋಗಳು, ಹೀಗೆ. ಸಂಜೆ ಹೊತ್ತಿಗೆ ಏಳು ಮುಗಿಸಿದ್ದೆ. ಸೊಂಟ ಹಿಡಿದುಕೊಂಡಿತ್ತು. ಮುಗಿದ ಏಳರ ಖುಷಿ ಒಂಚೂರೂ ಇರಲಿಲ್ಲ, ಉಳಿದ ನಾಲ್ಕು ರಾತ್ರಿಯಿಡೀ ಕಾಡಿದವು. ಮಾರನೇ ದಿನ ಆಫೀಸಿಗೆ ಹೋಗಿ ಕುರ್ಚಿಯಲ್ಲಿ ಕೂತಾಗ 'ಉಸ್ಸಪ್ಪಾ' ಅನ್ನಿಸಿತು. ರಜೆಯಿಂದ ಸುಸ್ತಾಗಿ ಕೆಲಸಕ್ಕೆ ಹೋಗಿ ಆರಾಮ ಮಾಡಿದವನು ನಾನು.

ಉಳಿದ ಕೆಲಸ ಕಾಡುವುದರ ಬಗ್ಗೆ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲೇ ಬರೆದಿದ್ದಾರೆ. ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆಯೇ ನಿಲ್ಲಿಸಿದರಂತೆ. ಆಮೇಲೆ ಕೇಳಿದಾಗ, ಮುಗಿಸಿದ್ದಕ್ಕಿಂತ ನಿಂತುಹೋದ ಕೆಲಸಗಳೇ ಅವರಿಗೆ ಜಾಸ್ತಿ ನೆನಪಿದ್ದವು. ಆಮೇಲಿನವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ ಅನ್ನುವುದೂ ನಿಜ. ಆದರೆ ನನ್ನ ತಲೆಯ ಮೇಲೆ ಪ್ರಯೋಗ ಮಾಡಿದ್ದರೆ ಪ್ರತಿ ಸಲವೂ ಬರುತ್ತಿತ್ತು. ಇದಕ್ಕೊಂದು ಉಪಾಯವೂ ಇದೆ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ತೋರಿಸಿದ್ದು: ಬಾಕಿ ಕೆಲಸವನ್ನು ಮುಗಿಸಲೇಬೇಕಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಎಂದು ಸರಿಯಾಗಿ ಗೊತ್ತು ಮಾಡಿಕೊಂಡರೂ ಸಾಕು, ತಲೆ ಅದನ್ನು ಕೆಳಗಿಳಿಸುತ್ತದೆ.

ಹಾಗಾಗಿ ಈ ಸಲವೂ ಪಟ್ಟಿ ಬರೆದೆ. ಪ್ರತಿ ಕೆಲಸದ ಪಕ್ಕ ಒಂದು ವಾರ ಬರೆದೆ. ಒಂದಕ್ಕೂ 'ಬುಧವಾರ' ಎಂದು ಬರೆಯಲಿಲ್ಲ. ಮಡಚಿ ಡ್ರಾಯರಿನಲ್ಲಿ ಹಾಕಿದೆ.

ಆಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಸುಮ್ನೆ.

ಸುಮ್ನೆ ಕೂರುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಬಹುಶಃ ನಾಲ್ಕು ನಿಮಿಷ ಆಗಿತ್ತು, ಕೈ ಫೋನಿನ ಕಡೆ ಹೋಯಿತು. ಹೋಗಿದ್ದೂ ನನಗೆ ತಿಳಿಯಲಿಲ್ಲ. ಹೆಬ್ಬೆರಳು ಆಗಲೇ ಪರದೆಯನ್ನು ಮೇಲಕ್ಕೆ ತಳ್ಳುತ್ತಿತ್ತು. ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದೆ. ಕೂತೆ. ಎದ್ದು ಗೋಡೆಯ ಮೇಲೆ ಓರೆಯಾಗಿದ್ದ ಫೋಟೋ ಸರಿ ಮಾಡಿದೆ. ಕೂತೆ. ಸರಿ ಮಾಡಿದ್ದು ಇನ್ನೊಂದು ಕಡೆಗೆ ಓರೆಯಾಗಿತ್ತು. ಎದ್ದೆ.

ನನ್ನೊಬ್ಬನ ಹಣೆಬರಹ ಅಂದುಕೊಳ್ಳಬೇಡಿ. ಟಿಮೊಥಿ ವಿಲ್ಸನ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಜನರನ್ನು ಒಂದು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ. ಯೋಚನೆ ಮಾಡುತ್ತಾ ಕೂರಿ, ಅಷ್ಟೇ. ಒಂದು ಗುಂಡಿ ಮಾತ್ರ ಇತ್ತು. ಒತ್ತಿದರೆ ಕರೆಂಟ್ ಶಾಕ್ ಹೊಡೆಯುತ್ತದೆ. ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಕೊಡಲೂ ಸಿದ್ಧ ಎಂದು ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ, ಸುಮ್ಮನೆ ಕೂರಲಾರದೆ ಗುಂಡಿ ಒತ್ತಿಕೊಂಡರು. ಒಬ್ಬ ಪುಣ್ಯಾತ್ಮ 190 ಸಲ ಒತ್ತಿದ. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂದಾಗ ನಾನು ಓದಿ ನಕ್ಕಿದ್ದೆ. ಈಗ ಆ 190ರವನ ಬಗ್ಗೆ ಸ್ವಲ್ಪ ಕನಿಕರ ಬಂತು.

ಒಂಬತ್ತೂವರೆ ಹೊತ್ತಿಗೆ ಕಿಟಕಿಯ ಬಿಸಿಲು ನೆಲಕ್ಕೆ ಬಿತ್ತು. ಸರಳುಗಳ ನೆರಳು ಸೇರಿ ಏಣಿಯ ಹಾಗೆ ಕಾಣುತ್ತಿತ್ತು. ಏಣಿಯ ತುದಿ ಒಂದು ಟೈಲ್ಸಿನ ಗೆರೆಗೆ ಸರಿಯಾಗಿ ತಾಗಿತ್ತು. ಅದು ಗೆರೆ ದಾಟುವವರೆಗೆ ನೋಡೋಣ ಎಂದು ಕೂತೆ. ನೋಡುತ್ತಿದ್ದರೆ ಸರಿಯುವುದೇ ಕಾಣುವುದಿಲ್ಲ. ಕಣ್ಣು ಬೇರೆ ಕಡೆ ಹೋಗಿ ವಾಪಸ್ ಬಂದರೆ ಎರಡು ಬೆರಳಷ್ಟು ಮುಂದೆ ಹೋಗಿರುತ್ತದೆ. ಬಿಸಿಲಿನ ದಾರಿಯಲ್ಲಿ ಧೂಳಿನ ಕಣಗಳು ಮೇಲೆ ಹೋಗುತ್ತಿದ್ದವು, ಕೆಳಗೆ ಬರುತ್ತಿದ್ದವು, ಯಾವುದಕ್ಕೂ ಎಲ್ಲಿಗೂ ತಲುಪುವ ಅವಸರ ಇರಲಿಲ್ಲ. ದಿನಾ ಇದೇ ಹೊತ್ತಿಗೆ ಇದೇ ಬಿಸಿಲು ಇದೇ ನೆಲದ ಮೇಲೆ ಬೀಳುತ್ತಿತ್ತು, ನೋಡುವವರಿಲ್ಲದೆ.

ಎಷ್ಟು ಹೊತ್ತು ಕೂತಿದ್ದೆನೋ. ಸುಖವಾಗಿತ್ತು. ಆಗ ಒಳಗಿನ ಗುಮಾಸ್ತ ಎದ್ದ. ಎಲ್ಲರೊಳಗೂ ಒಬ್ಬ ಗುಮಾಸ್ತ ಇರುತ್ತಾನಲ್ಲ, ಲೆಕ್ಕ ಬರೆಯುವವನು? 'ಹತ್ತೂಕಾಲಾಯ್ತು. ಬೆಳಿಗ್ಗೆಯಿಂದ ಏನು ಮಾಡಿದೆ?' ಎಂದು ಕೇಳಿದ. ಉತ್ತರ ಇರಲಿಲ್ಲ. ಫೋನ್ ತೆಗೆದುಕೊಂಡು ಗೆಳೆಯನಿಗೆ ಮಾಡಿದೆ. ಕಟ್ ಮಾಡಿ ಮೆಸೇಜ್ ಹಾಕಿದ: 'ಮೀಟಿಂಗಲ್ಲಿದ್ದೀನಿ. ಅರ್ಜೆಂಟಾ?' ಇನ್ನೊಬ್ಬನಿಗೆ ಮಾಡಿದೆ. ಅವನು ಎತ್ತಿ, 'ಐದೇ ನಿಮಿಷ, ಮಾಡ್ತೀನಿ' ಎಂದ. ಆ ಐದು ನಿಮಿಷ ಇವತ್ತಿಗೂ ಮುಗಿದಿಲ್ಲ.

ವಾರದ ನಡುವಿನ ರಜೆಯ ಕೊರತೆ ಇದೇ. ನನಗೆ ಬಿಡುವಿದೆ, ಲೋಕಕ್ಕಿಲ್ಲ. 2014ರಲ್ಲೇ ಕ್ರಿಸ್ಟೊಬಾಲ್ ಯಂಗ್ ಮತ್ತು ಚೇಯೂನ್ ಲಿಮ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರ ಸಂಗತಿ ಗಮನಿಸಿದರು. ವಾರಾಂತ್ಯದಲ್ಲಿ ಜನರ ಮನಸ್ಸು ಹಗುರವಾಗಿರುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕೆಲಸವೇ ಇಲ್ಲದವರಿಗೂ ವಾರಾಂತ್ಯ ಬಂದರೆ ಹೆಚ್ಚುಕಡಿಮೆ ಅಷ್ಟೇ ಖುಷಿಯಾಗುತ್ತದೆ, ಸೋಮವಾರ ಬಂದರೆ ಅಷ್ಟೇ ಮಂಕಾಗುತ್ತದೆ. ಅವರಿಗೆ ಏಳೂ ದಿನ ಬಿಡುವೇ ಅಲ್ವಾ? ಬಿಡುವು ಇದ್ದರೆ ಸಾಲದು, ಜೊತೆಗಿರಬೇಕಾದವರಿಗೂ ಅದೇ ಹೊತ್ತಿಗೆ ಬಿಡುವಿರಬೇಕು.

ಇದನ್ನು ಒಂದು ಇಡೀ ದೇಶದ ಮೇಲೆ ಪ್ರಯೋಗ ಮಾಡಿ ನೋಡಿದವರಿದ್ದಾರೆ. 1929ರಲ್ಲಿ ಸೋವಿಯತ್ ಒಕ್ಕೂಟ ಏಳು ದಿನದ ವಾರವನ್ನು ತೆಗೆದು ಐದು ದಿನದ ವಾರ ತಂದಿತು. ಕೆಲಸಗಾರರನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಕೊಟ್ಟರು. ನಾಲ್ಕು ದಿನ ಕೆಲಸ, ಐದನೇ ದಿನ ರಜೆ. ಆದರೆ ಒಂದೊಂದು ಬಣ್ಣಕ್ಕೆ ಒಂದೊಂದು ದಿನ. ಯಾವ ದಿನ ನೋಡಿದರೂ ಐದರಲ್ಲಿ ನಾಲ್ಕು ಪಾಲು ಜನ ಕೆಲಸದಲ್ಲಿರುತ್ತಿದ್ದರು, ಯಂತ್ರ ನಿಲ್ಲುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಚರ್ಚಿಗೆ ಹೋಗುವ ಭಾನುವಾರವೂ ಇಲ್ಲವಾಯಿತು. ಲೆಕ್ಕದಲ್ಲಿ ನೋಡಿದರೆ ರಜೆ ಜಾಸ್ತಿಯೇ ಆಗಿತ್ತು. ಏಳಕ್ಕೊಂದು ಇದ್ದದ್ದು ಐದಕ್ಕೊಂದಾಯಿತು. ಆದರೆ ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು ಬಣ್ಣ ಆದರೆ? ರಜೆಯ ದಿನ ಮನೆಯಲ್ಲಿ ಗೋಡೆ ನೋಡುತ್ತಾ ಕೂರಬೇಕು. ಜನ ಬೇಸತ್ತರು, ಯಂತ್ರಗಳೂ ಬಿಡುವಿಲ್ಲದೆ ಕೆಟ್ಟವು. 1931ರಲ್ಲಿ ಅದನ್ನು ಬಿಟ್ಟು ಆರು ದಿನದ ವಾರ ಮಾಡಿದರು, ಎಲ್ಲರಿಗೂ ಒಂದೇ ದಿನ ರಜೆ. ಕೊನೆಗೆ 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ವಾಪಸ್ ಬಂದವು.

ಫ್ರೆಂಚರು ಅವರಿಗಿಂತ ಮೊದಲೇ ಕೈ ಸುಟ್ಟುಕೊಂಡಿದ್ದರು. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಹತ್ತು ದಿನದ ವಾರ ತಂದರು. ರಜೆ ಹತ್ತನೇ ದಿನಕ್ಕೆ. ವರ್ಷಕ್ಕೆ 52 ಇದ್ದ ವಾರದ ರಜೆ 36ಕ್ಕೆ ಇಳಿಯಿತು. ಒಂಬತ್ತು ದಿನ ದುಡಿಯುವವನಿಗೆ ದಶಮಾಂಶ ಪದ್ಧತಿಯ ಸೊಗಸು ಹೇಳಿದರೆ ಏನು ಬಂತು? 1806ರ ಜನವರಿ 1ಕ್ಕೆ ಆ ಕ್ಯಾಲೆಂಡರು ಮುಗಿಯಿತು.

ತಮಾಷೆ ಎಂದರೆ, ಈ ಏಳಕ್ಕೆ ಆಕಾಶದಲ್ಲಿ ಗಟ್ಟಿ ಆಧಾರವೇ ಇಲ್ಲ. ದಿನಕ್ಕೆ ಸೂರ್ಯ ಇದ್ದಾನೆ, ತಿಂಗಳಿಗೆ ಚಂದ್ರ ಇದ್ದಾನೆ. ವಾರಕ್ಕೆ ಯಾರೂ ಇಲ್ಲ. ಬರಿಗಣ್ಣಿಗೆ ಕಾಣುವ ಏಳು ಗ್ರಹಗಳನ್ನು (ಹಳಬರ ಲೆಕ್ಕದಲ್ಲಿ ಸೂರ್ಯ ಚಂದ್ರರೂ ಗ್ರಹಗಳೇ) ನಿಧಾನ ಹೋಗುವುದರಿಂದ ಬೇಗ ಹೋಗುವುದಕ್ಕೆ ಸಾಲಾಗಿ ಇಟ್ಟರು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ಒಂದೊಂದು ಗಂಟೆಗೆ, ಅಂದರೆ ಹೋರೆಗೆ, ಒಬ್ಬೊಬ್ಬ ಯಜಮಾನ. ಮೊದಲ ಗಂಟೆಯ ಯಜಮಾನನ ಹೆಸರೇ ಆ ದಿನಕ್ಕೆ. 24ನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಹಾಗಾಗಿ ಮಾರನೇ ದಿನದ ಮೊದಲ ಗಂಟೆ ಸಾಲಿನಲ್ಲಿ ಮೂರು ಹೆಜ್ಜೆ ಮುಂದಿನವನಿಗೆ ಹೋಗುತ್ತದೆ. ಶನಿಯಿಂದ ಮೂರು ಹೆಜ್ಜೆ ಸೂರ್ಯ, ಸೂರ್ಯನಿಂದ ಮೂರು ಹೆಜ್ಜೆ ಚಂದ್ರ. ಶನಿವಾರ, ಭಾನುವಾರ, ಸೋಮವಾರ. ಬೆರಳು ಮಡಚಿ ಎಣಿಸಿ ನೋಡಿ, ಬುಧವಾರವೂ ಸರಿಯಾಗಿ ಬರುತ್ತದೆ. ನಾನು ಅವತ್ತು ಕಿಟಕಿ ಪಕ್ಕ ಕೂತು ಎಣಿಸಿದೆ. ಎರಡು ಸಲ.

ಅಂದರೆ ವಾರ ಎನ್ನುವುದು ಶುದ್ಧ ಲೆಕ್ಕ. ಅದಕ್ಕೇ ಇರಬೇಕು, ಅದರ ರಜೆಯೂ ಲೆಕ್ಕದವರ ಕೈಗೆ ಸಿಕ್ಕಿಬಿದ್ದಿದೆ. ಹೆನ್ರಿ ಫೋರ್ಡ್ 1926ರಲ್ಲಿ ತನ್ನ ಕಾರ್ಖಾನೆಗಳಲ್ಲಿ ವಾರಕ್ಕೆ ಐದೇ ದಿನ ಕೆಲಸ ಎಂದಾಗ ಜನ ಮೆಚ್ಚಿಕೊಂಡರು. ಆತ ಕಾರಣವನ್ನೂ ಮುಚ್ಚಿಡಲಿಲ್ಲ. ಬಿಡುವಿದ್ದರೆ ಜನ ಓಡಾಡುತ್ತಾರೆ, ಓಡಾಡುವವರಿಗೆ ಕಾರು ಬೇಕು, ಬಟ್ಟೆ ಬೇಕು, ಇನ್ನೂ ಏನೇನೋ ಬೇಕು. ಅವತ್ತು ಬೆಳಿಗ್ಗೆಯಿಂದ ನನ್ನ ಫೋನಿಗೆ 'ಇವತ್ತೇ ಕೊನೆ ದಿನ' ಎಂದು ಮೂರು ಮೆಸೇಜ್ ಬಂದಿದ್ದವು. ಫೋರ್ಡಪ್ಪ ಹೇಳಿದ್ದು ಸುಳ್ಳಲ್ಲ.

ರಜೆ ಎನ್ನುವುದು ದಾನವಾಗಿ ಬಂದದ್ದಲ್ಲ ಅನ್ನುವುದನ್ನೂ ಹೇಳಬೇಕು. ಬಟ್ಟೆ ಗಿರಣಿಗಳ ಕೆಲಸಗಾರರಿಗೆ ಭಾನುವಾರ ಬೇಕು ಎಂದು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಮುಂಬೈ ಗಿರಣಿ ಮಾಲೀಕರು ಒಪ್ಪಿದರು. ಏಳು ದಿನಕ್ಕೊಮ್ಮೆ ಸತತ 24 ಗಂಟೆ ಬಿಡುವು ಕೊಡಬೇಕು ಎಂಬ ಅಂತಾರಾಷ್ಟ್ರೀಯ ಒಪ್ಪಂದ ಬಂದದ್ದು 1921ರಲ್ಲಿ. 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಹಕ್ಕು ಎಂದೇ ಕರೆಯುತ್ತದೆ. ನನ್ನ ಗುಮಾಸ್ತನಿಗೆ ಇದನ್ನು ಓದಿ ಹೇಳಬೇಕು.

ಹನ್ನೊಂದಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿ, 'ಏನಾಯ್ತೋ?' ಎಂದಳು. ಗಾಬರಿ.

'ಏನೂ ಆಗಿಲ್ಲಮ್ಮ. ರಜೆ.'

'ಹುಷಾರಿಲ್ವಾ?'

'ಹುಷಾರಾಗಿದ್ದೀನಿ. ಸುಮ್ನೆ ರಜೆ ಹಾಕಿದೆ.'

'ಸುಮ್ನೆ ಯಾರಾದ್ರೂ ರಜೆ ಹಾಕ್ತಾರೇನೋ?' ಎಂದಳು. ನಂಬಿಕೆ ಬರಲಿಲ್ಲ ಅನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದೆವು. ನಡುನಡುವೆ ಪಾತ್ರೆ ಇಟ್ಟ ಸದ್ದು, ನಲ್ಲಿ ತಿರುಗಿಸಿದ ಸದ್ದು. ಫೋನು ಭುಜಕ್ಕೂ ಕಿವಿಗೂ ನಡುವೆ ಇದೆ, ಕೈ ಕೆಲಸದಲ್ಲಿದೆ ಎಂದು ಅಂದಾಜಾಯಿತು.

'ನಿನಗೆ ರಜೆ ಯಾವಾಗಮ್ಮ?' ಎಂದೆ.

ಅಮ್ಮ ನಕ್ಕಳು. 'ನಾನ್ಯಾವ ಕೆಲಸಕ್ಕೆ ಹೋಗ್ತೀನಿ ಅಂತ ರಜೆ?'

ಫೋನಿಟ್ಟ ಮೇಲೆ ಆ ಮಾತು ಬಹಳ ಹೊತ್ತು ತಲೆಯಲ್ಲಿ ಕೂತಿತು. ಅಮ್ಮನ ವಯಸ್ಸು ಎಪ್ಪತ್ತು ದಾಟಿದೆ. ನಾವು ಚಿಕ್ಕವರಿದ್ದಾಗ ಭಾನುವಾರ ಬಂತೆಂದರೆ ಅಪ್ಪನಿಗೆ ರಜೆ, ನಮಗೆ ರಜೆ, ಅಮ್ಮನಿಗೆ ಡಬಲ್ ಡ್ಯೂಟಿ. ಅದು ಲೆಕ್ಕಕ್ಕೇ ಬಂದಿಲ್ಲ. ನಮ್ಮ ಲೆಕ್ಕಕ್ಕೂ ಬಂದಿಲ್ಲ, ಅವಳ ಲೆಕ್ಕಕ್ಕೂ ಬಂದಿಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರ ಪಟ್ಟಣದವರೆಲ್ಲ ಕೆಲಸ ನಿಲ್ಲಿಸಬೇಕು ಎಂದು ಆಜ್ಞೆ ಮಾಡಿದಾಗ ರೈತರಿಗೆ ಮಾತ್ರ ಬಿಟ್ಟುಕೊಟ್ಟಿದ್ದ. ಬಿತ್ತನೆಯ ಹದ ತಪ್ಪಿದರೆ ಮತ್ತೆ ಸಿಗುವುದಿಲ್ಲ ಅನ್ನುವ ಕಾರಣಕ್ಕೆ. ಮನೆಯೊಳಗಿನ ಕೆಲಸವೂ ಹಾಗೇ, ಕಾಯುವುದಿಲ್ಲ. ಅದಕ್ಕೆ ಆಜ್ಞೆಯೂ ಇಲ್ಲ, ವಿನಾಯಿತಿಯ ಪ್ರಸ್ತಾಪವೂ ಇಲ್ಲ.

ಒಂದೇ ಒಂದು ದಿನ, ಒಂದು ದೇಶದಲ್ಲಿ ಇದರ ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದಿತ್ತು. 1975ರ ಅಕ್ಟೋಬರ್ 24, ಐಸ್‌ಲ್ಯಾಂಡ್. ಅಲ್ಲಿನ ಹೆಂಗಸರಲ್ಲಿ ಸುಮಾರು ಶೇಕಡ 90ರಷ್ಟು ಜನ ಅವತ್ತು ಆಫೀಸಿಗೂ ಹೋಗಲಿಲ್ಲ, ಮನೆಗೆಲಸವನ್ನೂ ಮುಟ್ಟಲಿಲ್ಲ. 'ಮುಷ್ಕರ' ಎಂದರೆ ಕೆಲವರು ಹಿಂದೆ ಸರಿಯಬಹುದು ಎಂದು ಅದಕ್ಕೆ ಇಟ್ಟ ಹೆಸರು 'ಹೆಂಗಸರ ರಜಾದಿನ'. ಶಾಲೆ, ಅಂಗಡಿ, ಕಾರ್ಖಾನೆ ಎಷ್ಟೋ ಕಡೆ ಬಾಗಿಲು ಹಾಕಿದವು. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಆಫೀಸಿಗೆ ಹೋದರು. ಮರುವರ್ಷವೇ ಅಲ್ಲಿ ಸಮಾನತೆಯ ಕಾನೂನು ಬಂತು. ರಜೆ ಹಾಕಿದಾಗಲೇ ಕೆಲಸ ಕಂಡಿದ್ದು.

ನನ್ನ ಹೆಂಡತಿಗೂ ವರ್ಷಕ್ಕೆ ಒಂದಿಷ್ಟು ರಜೆ ಇವೆ. ಆದರೆ ಅವಳು ರಜೆಯಲ್ಲಿದ್ದಾಗ ನಾನೂ ಮಗಳೂ ಮನೆಯಲ್ಲೇ ಇರುತ್ತೇವೆ, 'ಅದೆಲ್ಲಿ, ಇದೆಲ್ಲಿ' ಎಂದು ಕೇಳುತ್ತಾ. ಖಾಲಿ ಮನೆ, ನೆಲದ ಮೇಲೆ ಬಿಸಿಲಿನ ಏಣಿ, ಫ್ರಿಜ್ಜಿನ ಗುಂಯ್. ಇದನ್ನು ಅವಳು ಒಂದು ಸಲವಾದರೂ ಕಂಡಿದ್ದಾಳಾ? ಡ್ರಾಯರಿನಿಂದ ಪಟ್ಟಿ ತೆಗೆದು ಇನ್ನೊಂದನ್ನು ಸೇರಿಸಿದೆ: 'ಮಗಳನ್ನು ಕರೆದುಕೊಂಡು ಒಂದು ಇಡೀ ದಿನ ಹೊರಗೆ ಹೋಗುವುದು. ಇಬ್ಬರೇ.' ಪಕ್ಕದಲ್ಲಿ ಶನಿವಾರ ಎಂದು ಬರೆದೆ.

ಮಧ್ಯಾಹ್ನ ಒಂದು ತೂಕಡಿಕೆ ಆಯಿತು. ಅದರ ಬಗ್ಗೆ ಹೇಳುವುದೇನಿಲ್ಲ, ಚೆನ್ನಾಗಿತ್ತು.

ಎದ್ದಾಗ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ನೀಲಿ ಶರಟು ಕಣ್ಣಿಗೆ ಬಿತ್ತು. ಅದರ ಎಡಗೈ ಪಟ್ಟಿಯ ಗುಂಡಿ ಮೂರು ವಾರದಿಂದ ಎರಡೇ ಎಳೆ ದಾರದಲ್ಲಿ ಜೋತಾಡುತ್ತಿತ್ತು. ದಿನಾ ತೋಳು ಮಡಚಿಕೊಂಡು ಹೋಗುತ್ತಿದ್ದೆ. ಇದು ಡ್ರಾಯರಿನ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೇ ಕೈ ಹಾಕಿದೆ ಅನ್ನಿಸುತ್ತದೆ.

ಸೂಜಿ ದಾರದ ಡಬ್ಬಿಯಲ್ಲಿ ನೀಲಿ ದಾರ ಇರಲಿಲ್ಲ. ಬಿಳಿ, ಕಪ್ಪು, ಮತ್ತೆ ಯಾವುದೋ ಕಾಲದ ಗಾಢ ಕೆಂಪು. ಬಿಳಿ ತೆಗೆದುಕೊಂಡೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಬಾಯಲ್ಲಿ ಒದ್ದೆ ಮಾಡಿ, ಕನ್ನಡಕ ಹಣೆಗೆ ಏರಿಸಿ, ಉಸಿರು ಬಿಗಿಹಿಡಿದು ಐದನೇ ಸಲಕ್ಕೆ ಸೂಜಿಗೆ ಪೋಣಿಸಿದೆ. ನಾಲ್ಕು ತೂತಿನ ಗುಂಡಿ. ದಾರ ಅಡ್ಡಡ್ಡ ಗುಣಿಸು ಚಿಹ್ನೆಯ ಹಾಗೆ ಹೋಗಬೇಕೋ, ಎರಡು ಗೆರೆಯ ಹಾಗೆ ಪಕ್ಕಪಕ್ಕ ಹೋಗಬೇಕೋ? ಬೇರೆ ಗುಂಡಿಗಳನ್ನು ನೋಡಿದೆ. ಪಕ್ಕಪಕ್ಕ. ಎರಡು ವರ್ಷದಿಂದ ಹಾಕುತ್ತಿರುವ ಶರಟು, ಒಂದು ದಿನವೂ ಗಮನಿಸಿರಲಿಲ್ಲ.

ಹೊಲಿದು, ಗಂಟು ಹಾಕಿ, ಹೆಮ್ಮೆಯಿಂದ ಶರಟು ಹಾಕಿಕೊಳ್ಳಲು ಹೋದರೆ ಕೈ ಹೊರಗೆ ಬರಲಿಲ್ಲ. ಪಟ್ಟಿಯ ಎರಡೂ ಕಡೆಯನ್ನು ಸೇರಿಸಿ ಹೊಲಿದಿದ್ದೆ. ತೋಳಿನ ಬಾಯಿಯೇ ಮುಚ್ಚಿಹೋಗಿತ್ತು! ಒಬ್ಬನೇ ಕೂತು ಜೋರಾಗಿ ನಕ್ಕೆ. ಬಿಚ್ಚಿದೆ. ಮತ್ತೆ ಶುರು. ಈ ಸಲ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿನಿಂದ ದಾರ ಹಾಯಿಸಿ ಹೊಲಿದೆ. ಆಮೇಲೆ ಕಡ್ಡಿ ಎಳೆದರೆ ಸ್ವಲ್ಪ ಸಡಿಲ ಸಿಗುತ್ತದೆ. ಗುಂಡಿಯನ್ನು ಮೇಲಕ್ಕೆತ್ತಿ, ಆ ಸಡಿಲಕ್ಕೆ ಬುಡದಲ್ಲಿ ದಾರ ನಾಲ್ಕು ಸುತ್ತು ಸುತ್ತಬೇಕು. ಆಗ ಗುಂಡಿಗೆ ಒಂದು ಕುತ್ತಿಗೆ ಬರುತ್ತದೆ, ಹಾಕಿ ತೆಗೆಯಲು ಸಲೀಸು. ಇದನ್ನು ಅಮ್ಮ ಮಾಡುವುದನ್ನು ನೋಡಿದ್ದೆ. ಕೈಗೆ ನೆನಪಿತ್ತು, ತಲೆಗಿರಲಿಲ್ಲ.

ಸೂಜಿ ಮೇಲೆ ಕೆಳಗೆ ಹೋಗುತ್ತಿದ್ದರೆ ಮನಸ್ಸು ತನ್ನ ಪಾಡಿಗೆ ಎಲ್ಲೋ ಹೋಗುತ್ತದೆ. ಅದು ಸೋಮಾರಿತನ ಅಲ್ಲವಂತೆ. ಮೆದುಳು ಮೈತೂಕದ ಶೇಕಡ 2ರಷ್ಟಿದ್ದರೂ ಮೈಯ ಶಕ್ತಿಯಲ್ಲಿ ಸುಮಾರು ಶೇಕಡ 20ನ್ನು ತಿನ್ನುತ್ತದೆ. ಗಮನವಿಟ್ಟು ಕೆಲಸ ಮಾಡುವಾಗ ಆ ಖರ್ಚು ಏರುವುದು ತೀರಾ ಸ್ವಲ್ಪ. ಮಾರ್ಕಸ್ ರೇಕಲ್ ಎಂಬ ನರವಿಜ್ಞಾನಿ ಮತ್ತು ಜೊತೆಗಾರರು 2001ರಲ್ಲಿ ತೋರಿಸಿದ ಹಾಗೆ, ನಾವು ಏನೂ ಮಾಡದೆ ಇದ್ದಾಗ ಚುರುಕಾಗಿರುವ, ಹೊರಗಿನ ಕೆಲಸ ಹಿಡಿದ ಕೂಡಲೇ ತಣ್ಣಗಾಗುವ ಭಾಗಗಳು ಮೆದುಳಿನಲ್ಲಿವೆ. ಹಳೇ ನೆನಪು, ಮುಂದಿನ ಕನಸು, ಬೇರೆಯವರ ಮನಸ್ಸಿನ ಊಹೆ, ಇವೆಲ್ಲದರಲ್ಲಿ ಅವುಗಳ ಕೈವಾಡವಿದೆ.

ನನಗೆ ಬಂದದ್ದು ಬಾಲ್ಯದ ಒಂದು ಆಟ. ಅಣ್ಣನ ಗೆಳೆಯರೆಲ್ಲ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕಣ್ಣಾಮುಚ್ಚಾಲೆಗೋ ಮುಟ್ಟಾಟಕ್ಕೋ ನಾನೂ ಬರುತ್ತೇನೆ ಎಂದು ಹಟ ಹಿಡಿದರೆ ಅಣ್ಣ ಎಲ್ಲರಿಗೂ ಹೇಳುತ್ತಿದ್ದ: 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಅಂದರೆ ನನ್ನನ್ನು ಮುಟ್ಟಿದರೂ ನಾನು ಔಟಲ್ಲ. ನಾನು ಯಾರನ್ನು ಮುಟ್ಟಿದರೂ ಅವರು ಔಟಲ್ಲ. ಮೊದಮೊದಲು ನನಗದು ಅವಮಾನ ಅಂತಲೂ ತಿಳಿದಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದೆ. ಅಡಗಿಕೊಂಡ ಕಡೆಯಿಂದ ನಾನೇ ಎದ್ದು 'ಇಲ್ಲಿದ್ದೀನಿ!' ಎನ್ನುತ್ತಿದ್ದೆ. ಔಟಾಗುವ ಹೆದರಿಕೆ ಇಲ್ಲದವನಿಗೆ ಆಟ ಪೂರ್ತಿ ಸಿಗುತ್ತಿತ್ತು. ಒಂದು ದಿನ ಅಣ್ಣ 'ಇವತ್ತಿಂದ ಇವನೂ ಲೆಕ್ಕಕ್ಕೆ' ಎಂದ. ಬಹಳ ದೊಡ್ಡವನಾದೆ ಎಂದು ಹಿಗ್ಗಿದೆ. ಅವತ್ತು ಮೊದಲನೇ ಸುತ್ತಿಗೇ ಔಟಾಗಿ, ಕಟ್ಟೆಯ ಮೇಲೆ ಕೂತು ಉಳಿದವರ ಆಟ ನೋಡಿದ್ದು ನೆನಪಿದೆ.

ದಾರ ಕಚ್ಚಿ ಹರಿದೆ. ಒಂದು ಗುಂಡಿಗೆ ಐವತ್ತು ನಿಮಿಷ ಆಗಿತ್ತು. ಗುಮಾಸ್ತ ಏನಾದರೂ ಅಂದನೇನೋ, ನನಗೆ ಕೇಳಿಸಲಿಲ್ಲ.

ಸಂಜೆ ಮಗಳು ಬಂದಳು. ಬ್ಯಾಗನ್ನು ಸೋಫಾದ ಮೇಲೆ ಎಸೆದು, ಶೂ ಬಿಚ್ಚುತ್ತಾ ಕೇಳಿದಳು.

'ಅಪ್ಪಾ, ಇವತ್ತು ಏನ್ ಮಾಡ್ದೆ?'

'ಗುಂಡಿ ಹೊಲಿದೆ.'

'ಮತ್ತೆ?'

'ಅಷ್ಟೇ.'

'ಇಡೀ ದಿನ?'

'ಇಡೀ ದಿನ.'

ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಸಾಕ್ಸು. ಹಾಗೇ ಕುಂಟುತ್ತಾ ಬಂದು ಶರಟು ಕೈಗೆತ್ತಿಕೊಂಡಳು. ನೀಲಿ ಬಟ್ಟೆಯ ಮೇಲೆ ಬಿಳಿ ದಾರ ಎದ್ದು ಕಾಣುತ್ತಿತ್ತು. ಎರಡು ಬೆರಳಲ್ಲಿ ಗುಂಡಿ ಹಿಡಿದು, ತುಟಿ ಕಚ್ಚಿಕೊಂಡು, ಜೋರಾಗಿ ಎಳೆದು ನೋಡಿದಳು.

'ಗಟ್ಟಿಯಾಗಿದೆ' ಎಂದು ಹೇಳಿ ಇನ್ನೊಂದು ಶೂ ಬಿಚ್ಚಲು ಹೋದಳು.